ಪೋರ್ಚುಗೀಸ್ ಮಾತು ಮತ್ತು ಉಚ್ಚಾರಣೆ: ಹೊಸದಾಗಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಓದುವ ಮುನ್ನ ಮೂರು ಗುರುತು ತಿಳಿದಿರಲಿ. ಜ಼ ಅಂದರೆ ‘ಜ಼ೀಬ್ರಾ’ದಲ್ಲಿ ಬರುವ ಸದ್ದು. ಝ಼ ಅಂದರೆ ಇಂಗ್ಲಿಷಿನವರು ‘ಟೆಲಿವಿಷನ್’ ಎನ್ನುವಾಗ ನಡುವೆ ಬರುವ ಸದ್ದು, ಅಂದರೆ ಶಕಾರಕ್ಕೆ ಗಂಟಲಿನ ನಾದ ಕೂಡಿಸಿದ್ದು. ಪದದ ಕೊನೆಯ ಸೊನ್ನೆಯನ್ನು ‘ಮ್’ ಎಂದು ಓದಬೇಡಿ. ಅದು ಸ್ವರ ಮೂಗಿನಿಂದ ಬರುತ್ತದೆ ಎಂಬುದರ ಗುರುತು. ಬೇರೆ ಹೇಳದ ಕಡೆಯೆಲ್ಲ ಕೊಟ್ಟಿರುವುದು ಬ್ರೆಜಿಲ್‌ನ ಉಚ್ಚಾರಣೆ, ಅದರಲ್ಲೂ ಸಾವೊ ಪೌಲೊ ಕಡೆಯದು.

ಕನ್ನಡದವರಿಗೆ ಪೋರ್ಚುಗೀಸ್ ಉಚ್ಚಾರಣೆ ಅಷ್ಟು ಕಷ್ಟವೇ?

ನಾಲಿಗೆಗೆ ಅಲ್ಲ, ಕಣ್ಣಿಗೆ ಕಷ್ಟ. ಬೇಕಾದ ಸದ್ದುಗಳಲ್ಲಿ ಹೆಚ್ಚಿನವು ನಮ್ಮ ಬಾಯಲ್ಲಿ ಆಗಲೇ ಇವೆ: ಹಲ್ಲಿಗೆ ತಾಗುವ ತ, ದ, ಉಸಿರು ಚಿಮ್ಮದ ಕ, ಪ, ಒಂದೇ ಸಲ ಬಡಿಯುವ ರ, ವರ್ಣಮಾಲೆಯಲ್ಲಿ ಸುಮ್ಮನೆ ಕೂತಿರುವ ಞ ಕೂಡ. ತೊಂದರೆ ಕೊಡುವುದು ರೋಮನ್ ಲಿಪಿ. ಅದನ್ನು ಕಂಡ ಕೂಡಲೇ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಎದ್ದು ಬಂದು ಟೀ ಅಕ್ಷರವನ್ನು ಟ ಎಂದೂ ಡೀ ಅಕ್ಷರವನ್ನು ಡ ಎಂದೂ ಓದಿಸುತ್ತದೆ. ಪೋರ್ಚುಗೀಸಿನಲ್ಲಿ ನಮ್ಮ ಟ, ಡ, ಣ, ಳ ಇಲ್ಲವೇ ಇಲ್ಲ. ಹಲ್ಲಿನ ಡಾಕ್ಟರು ‘ಡೆಂಟಿಸ್ಟ’ ಅಲ್ಲ, ‘ದೆಂತೀಸ್ತ’.

ನಾವು ‘ರಿಯೊ ಡಿ ಜನೈರೊ’ ಎಂದು ಬರೆಯುವ ಊರನ್ನೇ ತೆಗೆದುಕೊಳ್ಳಿ. ಅಲ್ಲಿನವರ ಬಾಯಲ್ಲಿ ಅದು ‘ಹೀವು ಜಿ ಝ಼ನೇಯ್ರು’. ಪದದ ಮೊದಲ ಆರ್ ಹಕಾರವಾಯಿತು. ಕೊನೆಯ ಓ ಎರಡು ಕಡೆಯೂ ಉಕಾರವಾಯಿತು. ‘ದೆ’ ಎಂಬುದು ‘ಜಿ’ ಆಯಿತು. ಜೇ ಅಕ್ಷರ ಝ಼ ಆಯಿತು. ನಡುವಿನ ಆರ್ ಮಾತ್ರ ನಮ್ಮ ರಕಾರವಾಗಿಯೇ ಉಳಿಯಿತು. ಮೊದಲ ತಿಂಗಳು ಕಲಿಯಬೇಕಾದ್ದರಲ್ಲಿ ಅರ್ಧ ಈ ಒಂದು ಹೆಸರಿನಲ್ಲೇ ಇದೆ. ಗೋಡೆಗೆ ಅಂಟಿಸಿಕೊಳ್ಳಿ.

ಬ್ರೆಜಿಲ್‌ನದು ಕಲಿಯಬೇಕೋ, ಪೋರ್ಚುಗಲ್‌ನದೋ?

ಯಾರ ಜೊತೆ ಮಾತಾಡಬೇಕು ಎಂಬುದರ ಮೇಲೆ ನಿಂತಿದೆ. ಲಿಸ್ಬನ್ನಿಗೆ ಕೆಲಸಕ್ಕೋ ಓದಿಗೋ ಹೋಗುವವರು ಮೊದಲ ದಿನದಿಂದಲೇ ಪೋರ್ಚುಗಲ್‌ನ ಧ್ವನಿಮುದ್ರಣ ಹಿಡಿಯಬೇಕು. ಅಂಗೋಲಾ, ಮೊಜಾಂಬಿಕ್ ಕಡೆಯ ಬರಹ ಮತ್ತು ಶಾಲೆಯ ಭಾಷೆಯೂ ಪೋರ್ಚುಗಲ್ ಮಾದರಿಗೇ ಹತ್ತಿರ. ಗುರಿ ಇನ್ನೂ ಸ್ಪಷ್ಟವಿಲ್ಲ ಅನ್ನುವವರಿಗೆ ಬ್ರೆಜಿಲ್ ಸುಲಭ: 2022ರ ಜನಗಣತಿಯಲ್ಲಿ ಅಲ್ಲಿದ್ದವರೇ 20 ಕೋಟಿಗೂ ಹೆಚ್ಚು, ಕೇಳಲು ಸಿಗುವ ಸಾಮಗ್ರಿ ಅಪಾರ, ಮತ್ತು ಅವರು ಸ್ವರಗಳನ್ನು ಪೂರ್ತಿ ಬಾಯಿಬಿಟ್ಟು ಹೇಳುತ್ತಾರೆ. ಪೋರ್ಚುಗಲ್‌ನವರು ಒತ್ತಿಲ್ಲದ (ಒತ್ತು ಅಂದರೆ ಪದದಲ್ಲಿ ಒಂದು ಅಕ್ಷರವನ್ನು ಉಳಿದವಕ್ಕಿಂತ ಜೋರಾಗಿ ಹೇಳುವುದು) ಸ್ವರಗಳನ್ನು ನುಂಗುತ್ತಾರೆ. ಬ್ರೆಜಿಲ್‌ನ ‘ತೆಲೆಫೋನಿ’ ಲಿಸ್ಬನ್ನಿನಲ್ಲಿ ‘ತ್ಲ್‌ಫೋನ್’ ಆಗಿ ಕಿವಿ ದಾಟಿ ಹೋಗುತ್ತದೆ.

ಎರಡನ್ನೂ ಕಲಸಬೇಡಿ. ಒಂದು ಆ್ಯಪ್‌ನಲ್ಲಿ ಒಂದು, ಮೇಷ್ಟರ ಬಳಿ ಇನ್ನೊಂದು ಕಲಿತವರ ಮಾತು ಎರಡು ಕಡೆಯೂ ವಿಚಿತ್ರವಾಗಿ ಕೇಳುತ್ತದೆ. ಡುಯೊಲಿಂಗೊ ಕಲಿಸುವುದು ಬ್ರೆಜಿಲ್‌ನದನ್ನು ಮಾತ್ರ. ಲಿಸ್ಬನ್ನಿಗೆ ಹೊರಟವರು ಇದನ್ನು ತಡವಾಗಿ ಅರಿಯುತ್ತಾರೆ. ಪದಗಳೂ ಬೇರೆ. ಬಸ್ಸಿಗೆ ಬ್ರೆಜಿಲ್‌ನಲ್ಲಿ ‘ಓನಿಬುಸ್’, ಪೋರ್ಚುಗಲ್‌ನಲ್ಲಿ ‘ಔತುಕಾಹು’. ‘ಪ್ರೊಪೀನ’ ಅಂದರೆ ಪೋರ್ಚುಗಲ್‌ನಲ್ಲಿ ಕಾಲೇಜಿನ ಫೀಸು, ಬ್ರೆಜಿಲ್‌ನಲ್ಲಿ ಲಂಚ! (ನಮ್ಮ ಕಡೆ ಕೆಲವರಿಗೆ ಈ ಎರಡರ ನಡುವೆ ವ್ಯತ್ಯಾಸ ಕಾಣದಿರಬಹುದು, ಅದು ಬೇರೆ ಮಾತು.)

ಪದದ ಕೊನೆಯ ಸ್ವರ ಬರೆದಂತೆ ಯಾಕೆ ಕೇಳುವುದಿಲ್ಲ?

ಒತ್ತು ಬೀಳದ ಕೊನೆಯ ಓ ಉಕಾರವಾಗುತ್ತದೆ, ಕೊನೆಯ ಎಕಾರ (ಇಂಗ್ಲಿಷಿನ ಇ ಅಕ್ಷರ) ಇಕಾರವಾಗುತ್ತದೆ. ಪುಸ್ತಕ ‘ಲೀವ್ರು’, ಬೆಕ್ಕು ‘ಗಾತು’, ಹಾಲು ‘ಲೇಯ್ಚಿ’. ಇದರಲ್ಲಿ ಕನ್ನಡಿಗರಿಗೆ ಹುಟ್ಟಿನಿಂದ ಬಂದ ಲಾಭವಿದೆ. ಬಸ್ಸು, ಕಾರು, ಪೆನ್ನು ಎಂದು ಎಲ್ಲಕ್ಕೂ ಉಕಾರ ಹಚ್ಚುವ ಬಾಯಿ ನಮ್ಮದು. ಬ್ರೆಜಿಲ್‌ನವರು ಇದೇ ಕೆಲಸವನ್ನು ಇಕಾರದಿಂದ ಮಾಡುತ್ತಾರೆ: ಫೇಸ್‌ಬುಕ್ ಅವರಿಗೆ ‘ಫೇಯ್ಸಿಬುಕಿ’, ರಾಕ್ ಸಂಗೀತ ‘ಹಾಕಿ’, ಪಿಂಗ್‌ಪಾಂಗ್ ‘ಪಿಂಗಿಪೊಂಗಿ’.

ಒತ್ತು ಎಲ್ಲಿ ಹಾಕಬೇಕು? ಕನ್ನಡದಲ್ಲಿ ಒತ್ತೇ ಇಲ್ಲವಲ್ಲ?

ಕನ್ನಡದಲ್ಲಿ ಅರ್ಥ ಬದಲಿಸುವುದು ಹ್ರಸ್ವ ದೀರ್ಘ. ಪೋರ್ಚುಗೀಸಿನಲ್ಲಿ ಆ ಕೆಲಸ ಒತ್ತಿನದು. ಒಂದು ಉಪಾಯ ಚೆನ್ನಾಗಿ ನಡೆಯುತ್ತದೆ: ಒತ್ತು ಬೀಳುವ ಅಕ್ಷರವನ್ನು ದೀರ್ಘ ಎಂದುಕೊಂಡು ಎಳೆಯಿರಿ, ಉಳಿದದ್ದೆಲ್ಲ ಹ್ರಸ್ವ. ಸೂಕ್ಷ್ಮವಾಗಿ ನೋಡಿದರೆ ಎರಡೂ ಒಂದೇ ಅಲ್ಲ, ಆದರೆ ಕೇಳುವವರ ಕಿವಿಗೆ ಸರಿಯಾಗಿ ತಲುಪುತ್ತದೆ.

ನಿಯಮ ಸರಳ. ಪದ ಎ, ಇ, ಓ ಎಂಬ ಇಂಗ್ಲಿಷ್ ಅಕ್ಷರಗಳಲ್ಲಿ ಮುಗಿದರೆ (ಹಿಂದೆ ಬಹುವಚನದ ಎಸ್ ಇದ್ದರೂ) ಒತ್ತು ಕೊನೆಯಿಂದ ಎರಡನೆಯ ಅಕ್ಷರಕ್ಕೆ. ಆರ್, ಎಲ್, ಝಡ್, ಐ, ಯು ಇವುಗಳಲ್ಲಿ ಮುಗಿದರೆ ಕೊನೆಯದಕ್ಕೆ. ಇದನ್ನು ಮೀರುವ ಪದದ ಮೇಲೆ ಗೆರೆಯೋ ಟೋಪಿಯೋ ಇದ್ದೇ ಇರುತ್ತದೆ. ಗುರುತು ಇರುವ ಕಡೆ ಒತ್ತು. ಆ ಗುರುತನ್ನು ಅಲಂಕಾರ ಎಂದುಕೊಂಡು ಬಿಟ್ಟರೆ ಕೆಟ್ಟಿತು. ‘ಸಬೀಅ’ ಅಂದರೆ ಗೊತ್ತಿತ್ತು, ‘ಸಾಬ್ಯ’ ಅಂದರೆ ಜಾಣೆ, ‘ಸಬಿಆ’ ಅಂದರೆ ಬ್ರೆಜಿಲ್‌ನ ರಾಷ್ಟ್ರಪಕ್ಷಿ. ಮೂರಕ್ಕೂ ಅಕ್ಷರಗಳು ಅವೇ ಐದು.

ಎಳನೀರು ಕೇಳುವಾಗಂತೂ ಎಚ್ಚರ. ‘ಆಗ್ವ ಜಿ ಕೋಕು’ ಎಂದರೆ ಎಳನೀರು. ಒತ್ತು ಜಾರಿ ‘ಕೊಕೋ’ ಆಯಿತೋ, ಮಕ್ಕಳ ಮಾತಿನಲ್ಲಿ ಅದು ಕಕ್ಕ.

ಅಜ್ಜ, ಅಜ್ಜಿ ಇಬ್ಬರಿಗೂ ‘ಅವೋ’ ಎನ್ನುತ್ತಾರಲ್ಲ?

ಒಂದೇ ಅಲ್ಲ. ಎ ಮತ್ತು ಒ ಎರಡಕ್ಕೂ ಪೋರ್ಚುಗೀಸಿನಲ್ಲಿ ಮುಚ್ಚಿದ ರೂಪ, ತೆರೆದ ರೂಪ ಎಂದು ಎರಡೆರಡು ಇವೆ. ಅಜ್ಜನ ಓಕಾರ ನಮ್ಮ ‘ಓದು’ವಿನದು, ತುಟಿ ಗುಂಡಗೆ. ಅಜ್ಜಿಯದು ‘ಕಾಫಿ’ಯನ್ನು ಇಂಗ್ಲಿಷಿನಲ್ಲಿ ಹೇಳುವಾಗ ಬರುವ ಸ್ವರ, ದವಡೆ ಕೆಳಗಿಳಿಯಬೇಕು. ಬೆರಳನ್ನು ಗಲ್ಲದ ಕೆಳಗಿಟ್ಟು ಎರಡನ್ನೂ ಹೇಳಿ. ಅಜ್ಜಿಗೆ ಗಲ್ಲ ಬೆರಳನ್ನು ಒತ್ತಬೇಕು, ಅಜ್ಜನಿಗೆ ಒತ್ತಬಾರದು. ಬರಹದಲ್ಲಿ ಟೋಪಿ ಮುಚ್ಚಿದ್ದಕ್ಕೆ, ಬಲಕ್ಕೆ ಏರುವ ಗೆರೆ ತೆರೆದದ್ದಕ್ಕೆ. ಗುರುತಿಲ್ಲದ ಪದಗಳಲ್ಲಿ ಕೇಳಿಯೇ ಕಲಿಯಬೇಕು: ‘ಝ಼ೋಗು’ ಮುಚ್ಚಿದರೆ ‘ಆಟ’, ತೆರೆದರೆ ‘ಆಡುತ್ತೇನೆ’, ಕಾಗುಣಿತ ಮಾತ್ರ ಒಂದೇ. ಮೊದಲ ಮೂರು ತಿಂಗಳು ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತಪ್ಪಿದರೂ ಮಾತು ತಿಳಿಯುತ್ತದೆ. ಅಜ್ಜಿಗೆ ಮಾತ್ರ ಬೇಜಾರಾಗಬಹುದು.

ಮೂಗಿನ ಸ್ವರ ಎಷ್ಟು ಪ್ರಯತ್ನಿಸಿದರೂ ಬರುತ್ತಿಲ್ಲ. ಎಲ್ಲಿ ತಪ್ಪುತ್ತಿದೆ?

ಬಹುತೇಕ ತಪ್ಪುವುದು ತುಟಿಯಲ್ಲಿ. ಪದದ ಕೊನೆಯ ಎಂ ಅಕ್ಷರ ಕಂಡಾಗ ನಾವು ತುಟಿ ಮುಚ್ಚಿ ‘ಮ್’ ಹೇಳುತ್ತೇವೆ. ಪೋರ್ಚುಗೀಸಿನಲ್ಲಿ ಆ ಎಂ ವ್ಯಂಜನವೇ ಅಲ್ಲ. ಹಿಂದಿನ ಸ್ವರವನ್ನು ಮೂಗಿಗೆ ಕಳಿಸು ಎಂಬ ಸೂಚನೆ ಅಷ್ಟೆ. ‘ಹೌದು’ ಎನ್ನಲು ‘ಸೀಂ’, ‘ಒಳ್ಳೆಯದು’ ಎನ್ನಲು ‘ಬೊಂ’. ಕನ್ನಡಿ ಮುಂದೆ ನಿಂತು ಹೇಳಿ. ಪದ ಮುಗಿದಾಗ ತುಟಿ ತೆರೆದೇ ಇರಬೇಕು. ಮುಚ್ಚಿದ್ದರೆ ತಪ್ಪು.

ಸದ್ದು ಹೇಗಿರಬೇಕು ಎಂದು ಹುಡುಕುತ್ತ ದೂರ ಹೋಗಬೇಕಿಲ್ಲ. ಯಾರೋ ಕರೆದಾಗ ಬಾಯಿ ತೆರೆದೇ ‘ಹಾಂ?’ ಎನ್ನುತ್ತೀರಲ್ಲ, ಅದೇ. ಹಿಂದಿಯ ‘ನಹೀಂ’, ‘ಮಾಂ’ ಕೂಡ ಅದೇ. ಮನೆಯಲ್ಲಿ ಕೊಂಕಣಿ ಮಾತಾಡುವವರಿಗೆ ಈ ಪಾಠವೇ ಬೇಡ, ಅವರ ಭಾಷೆಯಲ್ಲಿ ಮೂಗಿನ ಸ್ವರ ಧಾರಾಳವಾಗಿದೆ. ಪರೀಕ್ಷೆ ಹೀಗೆ: ಸ್ವರ ಎಳೆಯುತ್ತಿರುವಾಗ ಮೂಗು ಹಿಡಿದುಕೊಳ್ಳಿ. ಸದ್ದು ತಟ್ಟನೆ ಬದಲಾದರೆ ಅಥವಾ ಕಟ್ಟಿಕೊಂಡರೆ ಸರಿ, ಹಾಗೆಯೇ ಉಳಿದರೆ ಉಸಿರು ಮೂಗಿಗೆ ಹೋಗುತ್ತಿಲ್ಲ.

ಆಮೇಲೆ ಬರುವುದು ಅಲೆಗೆರೆ ಹೊತ್ತ ಆ ಮತ್ತು ಓ ಜೋಡಿ, ಪೋರ್ಚುಗೀಸಿನ ಗುರುತಿನ ಸದ್ದು. ಪುಸ್ತಕಗಳಲ್ಲಿ ಇದನ್ನು ‘ಆವೊ’ ಎಂದು ಬರೆದಿರುತ್ತಾರೆ, ಅದನ್ನು ನಂಬಬೇಡಿ. ಇಲ್ಲಿನ ಸ್ವರ ಆಕಾರಕ್ಕಿಂತ ನಮ್ಮ ಅಕಾರಕ್ಕೆ ಹತ್ತಿರ: ಅ ಎನ್ನಿ, ಮೂಗಿಗೆ ಕಳಿಸಿ, ಅಲ್ಲಿಂದ ತುಟಿಯನ್ನು ಗುಂಡಗೆ ಮಾಡುತ್ತ ‘ವ್’ ಕಡೆಗೆ ಜಾರಿಸಿ. ‘ನಂವ್’ ಎಂದರೆ ಇಲ್ಲ. ‘ಕೊರಸಂವ್’ ಎಂದರೆ ಹೃದಯ. ಅಣ್ಣತಮ್ಮ ‘ಇರ್ಮಂವ್’, ಅಕ್ಕತಂಗಿ ‘ಇರ್ಮಂ’. ಅಮ್ಮ ‘ಮಂಯ್’.

ನಮ್ಮ ಪಾವ್ ಭಾಜಿಯ ‘ಪಾವ್’ ಪೋರ್ಚುಗೀಸರ ಬ್ರೆಡ್ಡಿನ ಹೆಸರಿನಿಂದಲೇ ಬಂದದ್ದು. ಆದರೆ ಬ್ರೆಜಿಲ್‌ನ ಬೇಕರಿಯಲ್ಲಿ ‘ಪಾವ್’ ಕೊಡಿ ಎಂದರೆ ನೀವು ಕೇಳಿದ್ದು ಕೋಲು, ಆಡುಮಾತಿನಲ್ಲಿ ಇನ್ನೂ ಕೆಟ್ಟದ್ದು. ಬ್ರೆಡ್ಡು ಬೇಕಾದರೆ ಮೂಗಿನಲ್ಲಿ ‘ಪಂವ್’.

ಇನ್ನೊಂದು ಸಣ್ಣ ವಿಷಯ: ಇ, ಎಂ ಎಂಬ ಇಂಗ್ಲಿಷ್ ಅಕ್ಷರಗಳ ಜೋಡಿಯಲ್ಲಿ ಮುಗಿಯುವ ಪದದ ಕೊನೆಗೆ ಯಕಾರದ ನೆರಳಿರುತ್ತದೆ. ‘ಬೇಂಯ್’ (ಚೆನ್ನಾಗಿ), ‘ತಂಬೇಂಯ್’ (ಕೂಡ), ‘ಓಮೇಂಯ್’ (ಗಂಡಸು). ‘ಬೆಮ್’ ಅಲ್ಲ.

ಆರ್ ಅಕ್ಷರಕ್ಕೆ ಎಷ್ಟು ಉಚ್ಚಾರಣೆ?

ಮೂಲದಲ್ಲಿ ಎರಡೇ. ಎರಡು ಸ್ವರಗಳ ನಡುವೆ ಒಂದೇ ಆರ್ ಇದ್ದರೆ ನಮ್ಮ ರ. ಪದದ ಮೊದಲಲ್ಲಿ ಇದ್ದರೆ, ಎರಡು ಆರ್ ಜೊತೆಗಿದ್ದರೆ, ಅಥವಾ ಎನ್, ಎಲ್, ಎಸ್ ನಂತರ ಬಂದರೆ ಗಂಟಲಿನ ಸದ್ದು. ಬ್ರೆಜಿಲ್‌ನ ಬಹುಭಾಗದಲ್ಲಿ ಅದು ನಮ್ಮ ಹಕಾರಕ್ಕೆ ತೀರ ಹತ್ತಿರ, ಕೆಲವರಲ್ಲಿ ಸ್ವಲ್ಪ ಒರಟು. ಲಿಸ್ಬನ್ನಿನಲ್ಲಿ ಕಿರುನಾಲಿಗೆಯ ಬಳಿಯಿಂದ, ನೀರು ಗಳಗಳ ಮಾಡುವ ಜಾಗದಿಂದ ಬರುತ್ತದೆ. ಪೋರ್ಚುಗಲ್‌ನ ಹಳ್ಳಿಗಳಲ್ಲಿ, ಹಿರಿಯರಲ್ಲಿ ನಾಲಿಗೆ ತುದಿ ಅದುರಿಸುವ ಹಳೆಯ ರೂಪವೂ ಉಳಿದಿದೆ. ಹಳಗನ್ನಡದಲ್ಲಿ ರ ಮತ್ತು ಱ ಎಂದು ಎರಡು ಇದ್ದವಲ್ಲ, ಅಂಥದೇ ಜೋಡಿ. ನಾವು ಒಂದನ್ನು ಕಳೆದುಕೊಂಡೆವು, ಅವರು ಒಂದನ್ನು ಗಂಟಲಿಗೆ ತಳ್ಳಿದರು.

ಈ ವ್ಯತ್ಯಾಸ ಅರ್ಥವನ್ನೇ ಬದಲಿಸುತ್ತದೆ, ಅದೂ ನಮ್ಮನ್ನು ಬೀಳಿಸುವಂತೆ: ಪೋರ್ಚುಗೀಸಿನಲ್ಲಿ ‘ಕಾರು’ ಅಂದರೆ ದುಬಾರಿ! ವಾಹನ ಬೇಕಿದ್ದರೆ ‘ಕಾಹು’. ಎರಡನ್ನೂ ಒಟ್ಟಿಗೆ ಇಟ್ಟು ದಿನಕ್ಕೆ ಹತ್ತು ಸಲ ಹೇಳಿ: ‘ಉ ಕಾಹು ಎ ಕಾರು’, ಅಂದರೆ ಕಾರು ದುಬಾರಿ.

ಅಕ್ಷರದ ಕೊನೆಯಲ್ಲಿ ಬಂದ ಆರ್ ಊರಿಗೊಂದು ಥರ. ಬಾಗಿಲು ಸಾವೊ ಪೌಲೊ ನಗರದಲ್ಲಿ ‘ಪೊರ್ತ’, ರಿಯೊದಲ್ಲಿ ‘ಪೊಹ್ತ’, ಸಾವೊ ಪೌಲೊ ರಾಜ್ಯದ ಒಳನಾಡಿನಲ್ಲಿ ಅಮೆರಿಕದವರಂತೆ ನಾಲಿಗೆ ಮಡಚಿದ ಆರ್. ನಿಮಗೆ ಸುಲಭವಾದದ್ದು ರ, ಅದನ್ನೇ ಇಟ್ಟುಕೊಳ್ಳಿ. ಕ್ರಿಯಾಪದದ ಕೊನೆಯ ಆರ್ ಮಾತಿನಲ್ಲಿ ಬಿದ್ದೇ ಹೋಗುತ್ತದೆ. ‘ಫಲಾರ್’ (ಮಾತಾಡು) ಎಂದು ಬರೆದದ್ದು ‘ಫಲಾ’ ಎಂದು ಕೇಳುತ್ತದೆ.

ಎಸ್ ಕೆಲವೊಮ್ಮೆ ಜ಼, ಕೆಲವೊಮ್ಮೆ ಶ ಆಗುವುದು ಯಾಕೆ?

ಮಳೆ ಮತ್ತು ಕಾಲ ಸೇರಿ ಮಳೆಗಾಲ ಆಗುವುದು ಯಾಕೋ, ಹೆಚ್ಚುಕಡಿಮೆ ಅದಕ್ಕೇ. ಎರಡು ಸ್ವರಗಳ ನಡುವೆ ಸಿಕ್ಕ ಕಕಾರ ನಾದ ಪಡೆದು ಗಕಾರವಾಗುತ್ತದೆ. ಇದು ನಮ್ಮ ಆದೇಶಸಂಧಿ. ಪೋರ್ಚುಗೀಸಿನಲ್ಲಿ ಎರಡು ಸ್ವರಗಳ ನಡುವೆ ಸಿಕ್ಕ ಎಸ್ ನಾದ ಪಡೆದು ಜ಼ ಆಗುತ್ತದೆ. ಮನೆ ‘ಕಾಜ಼’. ಎರಡು ಎಸ್ ಇದ್ದರೆ ಅಥವಾ ಬಾಲವಿರುವ ಸೀ ಇದ್ದರೆ ಸಕಾರವೇ: ‘ಕಾಸ’ ಅಂದರೆ ಬೇಟೆ. ಸಂಧಿ ಪದಗಳ ನಡುವೆಯೂ ನಡೆಯುತ್ತದೆ. ‘ಉಸ್’ ಮತ್ತು ‘ಅಮೀಗುಸ್’ ಕೂಡಿದರೆ ‘ಉಜ಼ಮೀಗುಸ್’, ಗೆಳೆಯರು. ‘ಮೀಞ’ ಮತ್ತು ‘ಅಮೀಗ’ ಸೇರಿ ‘ಮಿಞಮೀಗ’ ಆದಾಗ ಅದು ಅಪ್ಪಟ ಲೋಪಸಂಧಿ. ಹೈಸ್ಕೂಲಿನ ವ್ಯಾಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಪದದ ಕೊನೆಯ ಎಸ್ ಸಾವೊ ಪೌಲೊದಲ್ಲಿ ಸ್, ರಿಯೊ ಮತ್ತು ಪೋರ್ಚುಗಲ್‌ನಲ್ಲಿ ಶ್. ಯಾವುದಾದರೂ ಒಂದು ಹಿಡಿಯಿರಿ.

ಜ಼ ಬಾರದವರು ಹೀಗೆ ಮಾಡಿ: ಗಂಟಲ ಮೇಲೆ ಎರಡು ಬೆರಳಿಟ್ಟು ‘ಸ್‌ಸ್‌ಸ್’ ಎಂದು ಎಳೆಯಿರಿ. ನಾಲಿಗೆ, ಹಲ್ಲು ಏನನ್ನೂ ಕದಲಿಸದೆ ಗಂಟಲನ್ನು ಮಾತ್ರ ಗುನುಗಿಸಿ. ಬೆರಳಿಗೆ ಕಂಪನ ತಾಗಿದ ಕ್ಷಣ ಬಂದದ್ದೇ ಜ಼. ಶಕಾರದಿಂದ ಇದೇ ರೀತಿ ಹೊರಟರೆ ಝ಼ ಸಿಗುತ್ತದೆ. ನಾಲಿಗೆ ಅಂಗುಳಕ್ಕೆ ತಾಗಿದರೆ ಅದು ಜ ಆಗಿಬಿಡುತ್ತದೆ. ತಾಗಬಾರದು, ಗಾಳಿ ಹರಿಯುತ್ತಲೇ ಇರಬೇಕು. ಐದು ಸೆಕೆಂಡು ಎಳೆಯಲು ಬಂದರೆ ಸರಿ, ಯಾಕೆಂದರೆ ಜಕಾರವನ್ನು ಎಳೆಯಲು ಬರುವುದಿಲ್ಲ.

ತ, ದ ಎಲ್ಲಿ ಚ, ಜ ಆಗುತ್ತವೆ?

ಬ್ರೆಜಿಲ್‌ನ ಬಹುಭಾಗದಲ್ಲಿ, ಇಕಾರದ ಮುಂದೆ. ‘ತಿ’ ‘ಚಿ’ ಆಗುತ್ತದೆ, ‘ದಿ’ ‘ಜಿ’ ಆಗುತ್ತದೆ. ಅತ್ತೆ ಅಥವಾ ಚಿಕ್ಕಮ್ಮ ‘ಚೀಅ’, ದಿನ ‘ಜೀಅ’, ಇಪ್ಪತ್ತು ‘ವೀಂಚಿ’. ಬರಹದ ಎಕಾರ ಇಕಾರವಾಗಿ ಕೇಳುವ ಕಡೆಯೂ ಹೀಗೇ, ಅದಕ್ಕೇ ಟೊಮೇಟೊ ‘ತೊಮಾಚಿ’. ಬೇರೆ ಸ್ವರಗಳ ಮುಂದೆ ಬದಲಾವಣೆ ಇಲ್ಲ. ರೆಸಿಫೆ ಕಡೆಯ ಈಶಾನ್ಯ ಭಾಗದಲ್ಲಿ ಮತ್ತು ಪೋರ್ಚುಗಲ್‌ನಲ್ಲಿ ತಿ, ದಿ ಹಾಗೆಯೇ ಉಳಿಯುತ್ತವೆ. ಬೆಳಗಿನ ನಮಸ್ಕಾರ ಬ್ರೆಜಿಲ್‌ನಲ್ಲಿ ‘ಬೊಂ ಜೀಅ’, ಲಿಸ್ಬನ್ನಿನಲ್ಲಿ ‘ಬೊಂ ದೀಅ’.

ಎಲ್, ಎನ್ ನಂತರ ಎಚ್ ಬಂದರೆ ಏನು ಮಾಡಬೇಕು?

ಎಚ್ ಒಂದೇ ಬಂದಾಗ ಅದಕ್ಕೆ ಸದ್ದಿಲ್ಲ, ಹೋಟೆಲ್ಲು ‘ಒತೆವ್’. ಸೀ ಜೊತೆ ಬಂದರೆ ಶ. ಎಲ್ ಜೊತೆ ಬಂದರೆ ಲ್ಯ, ಎನ್ ಜೊತೆ ಬಂದರೆ ಞ. ‘ಪಂಚ’ ಎಂದು ಹೇಳಹೊರಟು ಚಕಾರಕ್ಕೆ ಮುಂಚೆ ತಡೆಯಿರಿ: ನಾಲಿಗೆಯ ನಡುಭಾಗ ಅಂಗುಳಕ್ಕೆ ಅಂಟಿದೆ ಅಲ್ಲವೇ? ಅಲ್ಲಿಂದ ಚ ಹೇಳದೆ ನೇರ ಸ್ವರಕ್ಕೆ ಬಿಡಿ, ಞ ಬಂತು. ಕಾಸರಗೋಡು ಕಡೆಯವರು ಮಲಯಾಳದ ‘ಞಾನ್’ ನೆನೆದರೆ ಸಾಕು.

ಅಭ್ಯಾಸಕ್ಕೆ ಕರಾವಳಿಯ ಅಡ್ಡಹೆಸರುಗಳಿಗಿಂತ ಒಳ್ಳೆಯ ಪಟ್ಟಿ ಸಿಗದು. ಕರ್ವಾಲೊ ಬ್ರೆಜಿಲ್‌ನಲ್ಲಿ ‘ಕರ್ವಾಲ್ಯು’. ನೊರೋನ್ಹಾ ‘ನೊರೋಞ’. ಕುಟಿನ್ಹೊ ‘ಕೊಚೀಞು’. ಪಿಂಟೊ ‘ಪೀಂತು’. ಡಿಸೋಜ ‘ಜಿ ಸೋಜ಼’. ರೊಡ್ರಿಗಸ್ ‘ಹೊದ್ರೀಗಿಸ್’. ಮಚಾದೊ ‘ಮಶಾದು’.

ಎಲ್ ಮತ್ತು ಎಕ್ಸ್ ಬಗ್ಗೆ?

ಅಕ್ಷರದ ಕೊನೆಯ ಎಲ್ ಬ್ರೆಜಿಲ್‌ನಲ್ಲಿ ‘ವ್’ ಆಗುತ್ತದೆ, ದೇಶದ ಹೆಸರೇ ‘ಬ್ರಜ಼ೀವ್’. ಪೋರ್ಚುಗಲ್‌ನಲ್ಲಿ ನಾಲಿಗೆಯ ಹಿಂಭಾಗ ಎತ್ತಿದ ದಪ್ಪ ಲಕಾರ. ಎರಡೂ ಕಡೆ ಳ ಹೇಳಬೇಡಿ. ಎಕ್ಸ್‌ಗೆ ನಾಲ್ಕು ಸದ್ದು: ಕಪ್ಪಿನಲ್ಲಿ ಶ (‘ಶೀಕರ’), ಪರೀಕ್ಷೆಯಲ್ಲಿ ಜ಼ (‘ಎಜ಼ಾಮಿ’), ‘ಮುಂದಿನ’ ಎಂಬುದರಲ್ಲಿ ಸ (‘ಪ್ರೊಸಿಮು’), ಟ್ಯಾಕ್ಸಿಯಲ್ಲಿ ಕ್ಸ (‘ತಾಕ್ಸಿ’). ನಿಯಮ ಹುಡುಕಬೇಡಿ, ಪದದ ಜೊತೆಗೇ ಕಲಿಯಿರಿ.

ಕನ್ನಡದ ಅಭ್ಯಾಸಬಲ ಎಲ್ಲಿ ಅಡ್ಡ ಬರುತ್ತದೆ?

ಐದು ಕಡೆ, ಅದರಲ್ಲಿ ಮೊದಲನೆಯದನ್ನು ಯಾರೂ ಗಮನಿಸುವುದೇ ಇಲ್ಲ. ನಾವು ‘ಎಲ್ಲಿ’ ಎಂದು ಬರೆದು ‘ಯೆಲ್ಲಿ’ ಎನ್ನುತ್ತೇವೆ, ‘ಒಂದು’ ಬರೆದು ‘ವೊಂದು’ ಎನ್ನುತ್ತೇವೆ. ಅದೇ ಚಾಳಿಯಲ್ಲಿ ‘ಅವಳು’ ಎಂಬ ‘ಎಲ’ ‘ಯೆಲ’ ಆಗುತ್ತದೆ, ಮೊಟ್ಟೆ ಎಂಬ ‘ಓವು’ ‘ವೋವು’ ಆಗುತ್ತದೆ. ಪದಕ್ಕೆ ಮುಂಚೆ ಬಾಯಿ ಆ ಸ್ವರಕ್ಕೆ ತೆರೆದು ಸಿದ್ಧವಾಗಿರಲಿ, ಆಮೇಲೆ ಸದ್ದು ಬಿಡಿ.

ಎರಡನೆಯದು ಒತ್ತಕ್ಷರ. ಬರಹದಲ್ಲಿ ಎರಡು ಎಸ್ ಕಂಡರೆ ನಮಗೆ ‘ಸ್ಸ’ ಎನ್ನುವ ಆಸೆ. ಪೋರ್ಚುಗೀಸಿನಲ್ಲಿ ದ್ವಿತ್ವ ಇಲ್ಲ. ಹಿಟ್ಟು ‘ಮಾಸ’, ‘ಮಾಸ್ಸ’ ಅಲ್ಲ. ಮೂರನೆಯದು ಮೇಲೆ ಹೊಗಳಿದ ಉಕಾರವೇ, ಬೇಡದ ಕಡೆ ಬಂದಾಗ. ‘ಪಾಸ್’ ಅಂದರೆ ಶಾಂತಿ, ‘ಪಾಸು’ ಅಂದರೆ ಹೆಜ್ಜೆ. ‘ಪಾರ್’ ಅಂದರೆ ಜೋಡಿ, ‘ಪಾರು’ ಅಂದರೆ ನಿಲ್ಲುತ್ತೇನೆ. ವ್ಯಂಜನದಲ್ಲಿ ಮುಗಿದರೆ ಅಲ್ಲೇ ನಿಲ್ಲಿಸಿ.

ಇನ್ನೆರಡು ತುಟಿಯವು. ಕನ್ನಡದ ವಕಾರ ಸಡಿಲ. ಮೇಲಿನ ಹಲ್ಲು ಕೆಳತುಟಿಗೆ ಬರೀ ಸೋಕುತ್ತದೆ. ಪೋರ್ಚುಗೀಸಿನ ವಕಾರಕ್ಕೆ ಹಲ್ಲು ಊರಬೇಕು, ತುಟಿ ಜುಮ್ಮೆನ್ನಬೇಕು. ಇಲ್ಲವಾದರೆ ‘ವೀಞು’ (ವೈನು) ಎಂಬುದು ‘ಉಈಞು’ ಥರ ಕೇಳುತ್ತದೆ. ಫಕಾರವೂ ಹಾಗೆಯೇ, ಪಕಾರಕ್ಕೆ ಉಸಿರು ಸೇರಿಸಿದ್ದಲ್ಲ, ಹಲ್ಲು ತುಟಿಯ ನಡುವೆ ಗಾಳಿ.

ಕನ್ನಡದಲ್ಲಿರುವ ಪೋರ್ಚುಗೀಸ್ ಪದಗಳಿಂದ ಸಹಾಯ ಆಗುತ್ತದೆಯೇ?

ನೆನಪಿಟ್ಟುಕೊಳ್ಳಲು ಆಗುತ್ತದೆ, ಉಚ್ಚಾರಣೆಗೆ ಅಷ್ಟಾಗಿ ಇಲ್ಲ. ಚಾವಿ, ಅಲಮಾರು, ಬಾಲ್ದಿ, ಪೀಪಾಯಿ, ಮೇಸ್ತ್ರಿ, ಪಗಾರ, ಲಿಲಾವು, ಪಾದ್ರಿ, ಇಗರ್ಜಿ, ಬಟಾಟೆ, ಅನಾನಸು ಎಲ್ಲ ಅಲ್ಲಿಂದ ಬಂದವು. ಪಗಾರ ಅವರಲ್ಲಿ ‘ಪ್ರೊಪೀನ’ದಂಥ ನಾಮಪದವಲ್ಲ, ‘ಪಗಾರ್’ ಎಂದರೆ ಹಣ ಕೊಡು ಎಂಬ ಕ್ರಿಯೆ. ಸ್ವಾರಸ್ಯ ಇರುವುದು ಚಾವಿಯಲ್ಲಿ. ಇವತ್ತು ಲಿಸ್ಬನ್ನಿನಲ್ಲೂ ರಿಯೊದಲ್ಲೂ ಅದು ಶಕಾರದಿಂದ ಶುರುವಾಗುತ್ತದೆ, ‘ಶಾವಿ’. ಪೋರ್ಚುಗೀಸರು ಭಾರತಕ್ಕೆ ಬಂದ ಕಾಲದಲ್ಲಿ ಸೀ-ಎಚ್ ಜೋಡಿಯ ಸದ್ದು ಚ ಆಗಿತ್ತು, ಆಮೇಲೆ ಶ ಆಯಿತು. ಪೋರ್ಚುಗಲ್‌ನ ಉತ್ತರದ ಕೆಲವು ಹಳ್ಳಿಗಳಲ್ಲಿ ಇನ್ನೂ ಚ ಇದೆ. ಅವರು ಬಿಟ್ಟ ಹಳೆಯ ಉಚ್ಚಾರಣೆ ನಮ್ಮ ಬೀಗದಕೈ ಗೊಂಚಲಿನಲ್ಲಿ ಉಳಿದಿದೆ.

ನಿಧಾನವಾಗಿ ಹೇಳಿದರೆ ತಿಳಿಯುತ್ತದೆ, ಅವರವರೇ ಮಾತಾಡಿದರೆ ಒಂದೂ ತಿಳಿಯುವುದಿಲ್ಲ. ಯಾಕೆ?

‘ಮಾಡುತ್ತಾ ಇದ್ದೇನೆ’ ಎಂದು ಪುಸ್ತಕದಲ್ಲಿ ಕಲಿತವನಿಗೆ ‘ಮಾಡ್ತಿದೀನಿ’ ತಿಳಿಯದಂತೆ. ಮಾತಿನಲ್ಲಿ ‘ಎಸ್ತಾ’ (ಇದೆ) ಎಂಬುದು ‘ತಾ’ ಆಗುತ್ತದೆ, ‘ಎಸ್ತೋ’ (ಇದ್ದೇನೆ) ‘ತೋ’ ಆಗುತ್ತದೆ, ‘ವೊಸೇ’ (ನೀನು) ‘ಸೇ’ ಆಗುತ್ತದೆ, ‘ಪಾರ’ (-ಗೆ, -ಗಾಗಿ) ‘ಪ್ರ’ ಆಗುತ್ತದೆ. ಈ ನಾಲ್ಕು ಮೊಟಕು ರೂಪಗಳನ್ನು ಮೊದಲ ವಾರವೇ ಕಿವಿಗೆ ಹಾಕಿಕೊಳ್ಳಿ.

ಜೊತೆಗೆ ಮೂರು ಆಪದ್ಬಾಂಧವ ವಾಕ್ಯಗಳು, ನಿದ್ದೆಯಲ್ಲಿ ಎಬ್ಬಿಸಿದರೂ ಬರಬೇಕು. ‘ನಂವ್ ಎಂತೆಂಜೀ’, ತಿಳಿಯಲಿಲ್ಲ. (ಪೋರ್ಚುಗಲ್‌ನಲ್ಲಿ ‘ನಂವ್ ಪೆರ್ಸೆಬೀ’.) ‘ಪೊಜಿ ಫಲಾ ಮಾಯ್ಸ್ ದೆವಗಾರ್?’, ಸ್ವಲ್ಪ ನಿಧಾನ ಹೇಳ್ತೀರಾ? ‘ಕೋಮು ಸಿ ಜೀಸ್?’, ಇದಕ್ಕೆ ಏನಂತಾರೆ? ಧನ್ಯವಾದ ಹೇಳುವಾಗ ಗಂಡಸರು ‘ಒಬ್ರಿಗಾದು’, ಹೆಂಗಸರು ‘ಒಬ್ರಿಗಾದ’. ಇದು ಹೇಳುವವರ ಲಿಂಗ, ಕೇಳುವವರದ್ದಲ್ಲ.

ದಿನಕ್ಕೆ ಎಷ್ಟು ಹೊತ್ತು, ಏನು ಮಾಡಬೇಕು?

25 ನಿಮಿಷ ಸಾಕು, ಆದರೆ ದಿನವೂ ಬೇಕು. ಭಾನುವಾರ ಮೂರು ಗಂಟೆ ಕೂತರೆ ನಾಲಿಗೆ ಬುಧವಾರದ ಹೊತ್ತಿಗೆ ಮರೆತಿರುತ್ತದೆ.

ಮೊದಲ 5 ನಿಮಿಷ ಜೋಡಿಪದಗಳು: ಕಾರು–ಕಾಹು, ಪಾವ್–ಪಂವ್, ಕಾಸ–ಕಾಜ಼. ಮುಂದಿನ 15 ನಿಮಿಷ ಒಂದೇ ತುಣುಕು ಧ್ವನಿ, 20ರಿಂದ 30 ಸೆಕೆಂಡಿನದು, ಬರಹವೂ ಜೊತೆಗಿರುವಂಥದ್ದು. ಮೂರು ಸಲ ಬರಹ ನೋಡದೆ ಕೇಳಿ. ಆಮೇಲೆ ಬರಹ ನೋಡುತ್ತ ಎರಡು ಸಲ. ಆಮೇಲೆ ಧ್ವನಿಯ ಜೊತೆಜೊತೆಗೇ, ಅರ್ಧ ಸೆಕೆಂಡು ಹಿಂದೆ, ಹತ್ತು ಸಲ ಹೇಳಿ. ವೇಗ ತಾಳಲಾಗದಿದ್ದರೆ 0.75ಕ್ಕೆ ಇಳಿಸಿ, ಅದಕ್ಕಿಂತ ಕೆಳಗೆ ಬೇಡ. ಸಂಧಿ ಒಡೆದು ಸದ್ದೇ ಬದಲಾಗುತ್ತದೆ. ಕೊನೆಯ 5 ನಿಮಿಷ ಫೋನಿನಲ್ಲಿ ನಿಮ್ಮ ದನಿ ಮುದ್ರಿಸಿ, ಮೂಲದ ಪಕ್ಕದಲ್ಲಿಟ್ಟು ಕೇಳಿ, ಒಂದೇ ಒಂದು ತಪ್ಪು ಆರಿಸಿ ತಿದ್ದಿ. ಒಂದೇ ಸಲ ಎಲ್ಲ ತಿದ್ದಹೊರಟವರು ವಾರದಲ್ಲಿ ಬಿಟ್ಟುಬಿಡುತ್ತಾರೆ.

ಕ್ರಮ ತಪ್ಪಬಾರದು: ಮೊದಲು ಕಿವಿ, ಆಮೇಲೆ ಕಣ್ಣು. ಬರಹ ಮೊದಲು ಕಂಡರೆ ಇಂಗ್ಲಿಷ್ ಓದು ಒಳಗೆ ಕೂತುಬಿಡುತ್ತದೆ, ಅದನ್ನು ಎಬ್ಬಿಸಲು ದುಪ್ಪಟ್ಟು ಸಮಯ. ಒಂಟಿ ಪದದ ಉಚ್ಚಾರಣೆಗೆ ಫೋರ್ವೊ ತಾಣ ಒಳ್ಳೆಯದು, ಹೇಳಿದವರು ಯಾವ ದೇಶದವರು ಎಂದೂ ತೋರಿಸುತ್ತದೆ.

ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಬಹುದೇ?

ಮೊದಲ ತಿಂಗಳು ಧಾರಾಳವಾಗಿ. ತ–ಟ, ಹ್ರಸ್ವ–ದೀರ್ಘ, ಞ ಎಲ್ಲ ಇಂಗ್ಲಿಷಿಗಿಂತ ಕನ್ನಡದಲ್ಲಿ ಚೊಕ್ಕವಾಗಿ ಬರುತ್ತವೆ. ಆದರೆ ತೆರೆದ ಎ, ಒ ಮತ್ತು ಮೂಗಿನ ಸ್ವರ ನಮ್ಮ ಲಿಪಿಯಲ್ಲಿ ಜಾರಿಹೋಗುತ್ತವೆ. ಹಾಗಾಗಿ ಬರೆದದ್ದನ್ನು ಓದಿ ಕಲಿಯಬೇಡಿ, ಕೇಳಿದ್ದನ್ನು ನೆನಪಿಸಿಕೊಳ್ಳಲು ಮಾತ್ರ ಬಳಸಿ. ಎರಡನೆಯ ತಿಂಗಳಿಂದ ನಿಲ್ಲಿಸಿ.

ಎಷ್ಟು ತಿಂಗಳಲ್ಲಿ ಮಾತಾಡಬಹುದು? ಯಾವ ಪರೀಕ್ಷೆ?

ಮೇಲಿನಂತೆ ನಡೆದರೆ ಅಂಗಡಿ, ಬಸ್ಸು, ಪರಿಚಯದ ಮಟ್ಟದ ಮಾತಿಗೆ ನಾಲ್ಕೈದು ತಿಂಗಳು ಎಂದು ಎಣಿಸಿ, ವಾರಕ್ಕೊಮ್ಮೆಯಾದರೂ ಜೀವಂತ ಮನುಷ್ಯರ ಜೊತೆ ಮಾತು ಇದ್ದರೆ ಮಾತ್ರ. ಸ್ಪ್ಯಾನಿಷ್ ಬಲ್ಲವರಿಗೆ ಓದು ಬೇಗ ಬರುತ್ತದೆ, ಉಚ್ಚಾರಣೆ ಬರುವುದಿಲ್ಲ. ಅವರು ಮೂಗಿನ ಸ್ವರ ಮತ್ತು ಜ಼, ಝ಼ ಬಿಟ್ಟು ಸ್ಪ್ಯಾನಿಷನ್ನೇ ಮಾತಾಡುತ್ತಿರುತ್ತಾರೆ.

ಪೋರ್ಚುಗಲ್ ಕಡೆಯ ಪರೀಕ್ಷೆಗಳನ್ನು ಲಿಸ್ಬನ್ ವಿಶ್ವವಿದ್ಯಾಲಯದ ಕಾಪ್ಲೆ ಕೇಂದ್ರ ನಡೆಸುತ್ತದೆ. ಆರಂಭಿಕರು ಹೆಚ್ಚಾಗಿ ಬರೆಯುವ ಸಿಪ್ಲೆ ಪರೀಕ್ಷೆ ಎ2 ಮಟ್ಟದ್ದು, ಅಂದರೆ ಭಾಷೆ ಕಲಿಕೆಯ ಯುರೋಪಿನ ಅಳತೆಯಲ್ಲಿ ಕೆಳಗಿನಿಂದ ಎರಡನೆಯ ಮೆಟ್ಟಿಲು. ಬ್ರೆಜಿಲ್‌ನ ಪರೀಕ್ಷೆ ಸೆಲ್ಪೆ-ಬ್ರಾಸ್‌ನಲ್ಲಿ ಮಟ್ಟಕ್ಕೊಂದು ಪತ್ರಿಕೆ ಇಲ್ಲ, ಎಲ್ಲರಿಗೂ ಒಂದೇ. ಬಂದ ಅಂಕದ ಮೇಲೆ ಮಧ್ಯಮದಿಂದ ಮೇಲಿನ ಪ್ರಮಾಣಪತ್ರ. ಅದರಲ್ಲಿ 20 ನಿಮಿಷದ ಮುಖಾಮುಖಿ ಮಾತುಕತೆಯೂ ಇದೆ, ಹಾಗಾಗಿ ಹೊಸಬರು ಆತುರಪಡಬೇಡಿ. ಕರ್ನಾಟಕಕ್ಕೆ ಹತ್ತಿರದಲ್ಲಿ ಕಲಿಯಬೇಕೆಂದರೆ ಗೋವಾ. 1961ರವರೆಗೆ ಪೋರ್ಚುಗೀಸ್ ಆಡಳಿತದಲ್ಲಿದ್ದ ಅಲ್ಲಿ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ವಿಭಾಗವಿದೆ, ಪಣಜಿಯಲ್ಲಿ ಕಮೋಯಿಸ್ ಸಂಸ್ಥೆಯ ಭಾಷಾ ಕೇಂದ್ರವಿದೆ. ಎರಡೂ ಕಡೆ ಪೋರ್ಚುಗಲ್ ಮಾದರಿ.

ಫೋನಿನಲ್ಲಿ ನನ್ನ ಹೆಸರು, ನಂಬರು ಹೇಳಿದರೆ ತಪ್ಪು ಬರೆದುಕೊಳ್ಳುತ್ತಾರೆ. ಏನು ಮಾಡಲಿ?

ಅಕ್ಷರಗಳ ಹೆಸರನ್ನು ಅವರ ರೀತಿಯಲ್ಲೇ ಹೇಳಿ. ನೀವು ಇಂಗ್ಲಿಷಿನಲ್ಲಿ ‘ಈ’ ಎಂದರೆ ಅವರು ಐ ಬರೆಯುತ್ತಾರೆ, ‘ಎ’ ಎಂದರೆ ಇ ಬರೆಯುತ್ತಾರೆ. ಅವರಲ್ಲಿ ಎ ‘ಆ’, ಇ ‘ಎ’, ಐ ‘ಈ’. ಜೀ ‘ಝ಼ೇ’, ಜೇ ‘ಝ಼ೊತ’, ಎಚ್ ‘ಅಗಾ’, ಕೆ ‘ಕಾ’, ಆರ್ ‘ಎಹಿ’, ವಿ ‘ವೇ’, ವೈ ‘ಈಪ್ಸಿಲೊಂ’. ಹೆಸರು ಓದುವಾಗ ರಮೇಶ ‘ಹಮೇಶಿ’ ಆಗಬಹುದು, ಹೇಮಾ ‘ಏಮ’ ಆಗಬಹುದು. ಅದು ಅವರ ನಿಯಮ, ಅವಮಾನವಲ್ಲ. ಬೇಕಿದ್ದರೆ ಒಮ್ಮೆ ನೀವೇ ನಿಧಾನ ಹೇಳಿಕೊಡಿ.

ನಂಬರಿನಲ್ಲಿ ಎಡವುವುದು 6. ಆರಕ್ಕೆ ‘ಸೇಯ್ಸ್’, ಮೂರಕ್ಕೆ ‘ತ್ರೇಸ್’. ಫೋನಿನಲ್ಲಿ ಎರಡೂ ಒಂದೇ ಥರ. ಅದಕ್ಕೆ ಬ್ರೆಜಿಲ್‌ನವರು ಫೋನ್ ನಂಬರು ಹೇಳುವಾಗ ಆರನ್ನು ‘ಮೇಯ’ ಎನ್ನುತ್ತಾರೆ, ಅಂದರೆ ಅರ್ಧ, ಅರ್ಧ ಡಜನ್. ಯಾರಾದರೂ ನಂಬರಿನ ನಡುವೆ ‘ಮೇಯ’ ಎಂದರೆ ಗಾಬರಿಯಾಗದೆ 6 ಒತ್ತಿ.